ಸೊಪ್ಪಿನ ಇಳುಕಲಿನಲ್ಲಿ ಷಡ್ಡಕನ ಟೈರು ಗಾಡಿ

1963ರ ಬೇಸಿಗೆ. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿತ್ತು. ಶರಾವತಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಸರ್ವೆಯವರು ಊರೂರಲ್ಲಿ ಕಲ್ಲು ನೆಟ್ಟು ಹೋಗಿದ್ದರು. ಹೊಸನಗರ ತಾಲ್ಲೂಕಿನ ಹೊಳೆದಂಡೆಯಲ್ಲಿದ್ದ ನನ್ನ ಮಾವನ ಮನೆ ಆ ಕಲ್ಲಿನಿಂದ ಕೆಳಗಿತ್ತು. ತೀರ್ಥಹಳ್ಳಿ ಕಡೆ, ಮೇಳಿಗೆಯ ಹತ್ತಿರ, ಅತ್ತೆಯ ತವರಿನವರು ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟಿದ್ದರು. ಸಾಮಾನು ಸಾಗಿಸಲು ಮಾವ ಇಬ್ಬರು ಅಳಿಯಂದಿರಿಗೂ ಗಾಡಿ ಹೂಡಿಕೊಂಡು ಬರಲು ಹೇಳಿ ಕಳಿಸಿದರು.

ಚಿಕ್ಕ ಅಳಿಯ ನಾನು, ತಿಮ್ಮಪ್ಪ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ದೊಡ್ಡ ಅಳಿಯ ನಾಗಪ್ಪ, ನನ್ನ ಹೆಂಡತಿ ಹೂವಮ್ಮನ ಅಕ್ಕನ ಗಂಡ. ಅವನಿದ್ದದ್ದು ಸಾಗರದ ಮೂಡಲ ಕಡೆ, ದಾರಿಯೆಲ್ಲ ಸಮತಟ್ಟಾಗಿರುವ ಸೀಮೆಯಲ್ಲಿ. ಷಡ್ಡಕರ ನಡುವೆ ಒಳಗೊಳಗೇ ಒಂದು ಪೈಪೋಟಿ ಇರುವುದು ಎಲ್ಲರ ಮನೆಯಲ್ಲೂ ಉಂಟು. ನನಗೆ ಮಾತ್ರ ಅದು ಪೈಪೋಟಿಯ ಮಟ್ಟ ದಾಟಿ ಹೊಟ್ಟೆಕಿಚ್ಚಾಗಿತ್ತು. ಇದನ್ನು ಮುಚ್ಚಿಟ್ಟು ಮುಂದಿನ ಕಥೆ ಹೇಳಲು ಬರುವುದಿಲ್ಲ.

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು. ಹಾಗಿರಲಿಲ್ಲ. ಎತ್ತರದ ಆಳು, ದೊಡ್ಡ ನಗು. ಮಾವನ ಮನೆಗೆ ಬಂದರೆ ಕೊಟ್ಟಿಗೆಯ ಆಳಿನವರೆಗೆ ಎಲ್ಲರನ್ನೂ ಮಾತಾಡಿಸುವನು. ನನಗೂ ಬರುವಾಗ ಒಂದು ಕಟ್ಟು ಒಳ್ಳೆಯ ಹೊಗೆಸೊಪ್ಪು ತರುವನು. ನಾನು ಅದನ್ನು ಹಾಕಿಕೊಳ್ಳುತ್ತಲೇ ಅವನ ಮೇಲೆ ಉರಿಯುತ್ತಿದ್ದೆ.

ಆ ಸಲ ಅವನು ಬಂದದ್ದು ಟೈರು ಗಾಡಿಯಲ್ಲಿ. ಎರಡು ವರ್ಷ ಕಾರ್ಗಲ್ಲಿನಲ್ಲಿ ಅಣೆಕಟ್ಟೆ ಕೆಲಸಕ್ಕೆ ಮರಳು, ಜಲ್ಲಿ ಹೊಡೆದಿದ್ದ. ಅಲ್ಲಿ ಸಿಕ್ಕಿದ ಹಳೆಯ ಲಾರಿಯ ಅಚ್ಚು, ಟೈರು ತಂದು, ಸಾಗರದಲ್ಲಿ ಮೇಲಿನ ಮರದ ಕೆಲಸ ಮಾಡಿಸಿದ್ದ. ನಮ್ಮ ಕಡೆ ಅಂಥ ಗಾಡಿ ಯಾರೂ ಕಂಡಿರಲಿಲ್ಲ. ಮಾವನ ಗದ್ದೆ ಮುಳುಗಿಸುತ್ತಿರುವ ಅಣೆಕಟ್ಟೆಯೇ ಇವನಿಗೆ ಗಾಡಿ ಕೊಟ್ಟಿತಲ್ಲ ಎಂದು ನಾನು ಹಲ್ಲು ಕಚ್ಚಿದೆ. ಊರವರು ಕೆಲಸ ಬಿಟ್ಟು ಬಂದು ಟೈರು ಮುಟ್ಟಿ ನೋಡಿದರು.

ನಾಗಪ್ಪ ಎತ್ತು ಬಿಚ್ಚಿ, ನೊಗವನ್ನು ಒಂದು ಕೈಯಲ್ಲಿ ಹಿಡಿದು, ಅಂಗಳದಲ್ಲಿ ಗಾಡಿಯನ್ನು ಹಾಗೇ ತಳ್ಳಿದ. ಅದು ಸದ್ದಿಲ್ಲದೆ ಉರುಳಿಕೊಂಡು ಹೋಯಿತು. ಇವನು ತಳ್ಳುವುದು ನಿಲ್ಲಿಸಿ ಸುಮ್ಮನೆ ಜೊತೆಗೆ ನಡೆದರೂ ಅದು ನಿಲ್ಲಲಿಲ್ಲ. ಕೊನೆಗೆ ತುಳಸಿಕಟ್ಟೆಗೆ ತಾಗುವ ಮೊದಲು ಕಾಲು ಊರಿ ಎಳೆದು ನಿಲ್ಲಿಸಿದ.

"ನೋಡಿದ್ರಾ ಮಾವ? ಎತ್ತಿಗೆ ಹೊರಡಿಸೋದೊಂದೇ ಕೆಲಸ. ಆಮೇಲೆ ಗಾಡಿ ತಾನೇ ಬತ್ತದೆ" ಅಂದ.

"ತಿಮ್ಮಪ್ಪಾ, ನಿನ್ನ ಗಾಡಿ ತಳ್ಳು ನೋಡಾಣ" ಎಂದು ಯಾರೋ ಕೂಗಿದರು. ನನ್ನದು ಮರದ ಚಕ್ರ, ಮೇಲೆ ಕಬ್ಬಿಣದ ಪಟ್ಟಿ. ಅದನ್ನು ತಳ್ಳಲು ಮೂರು ಜನ ಬೇಕು. ಆ ಮೂರು ಜನ ಕೈ ಬಿಟ್ಟರೆ ಅದು ಬಿಟ್ಟಲ್ಲೇ ನಿಲ್ಲುತ್ತದೆ. ಎಲ್ಲರೂ ನಕ್ಕರು. ಹೂವಮ್ಮನೂ ನಕ್ಕಳು. ಅವಳು ನಕ್ಕದ್ದು ನನಗೆ ಹೆಚ್ಚು ಚುಚ್ಚಿತು.

ಆ ಸಂಜೆ ನಾನು ಮಾಡಿದ ಮಂಗತನ ಹೇಳುತ್ತೇನೆ. ಅತ್ತೆ ತಲೆಗೆ ಹಚ್ಚಲು ಇಟ್ಟಿದ್ದ ಹರಳೆಣ್ಣೆಯ ಕುಡಿಕೆಯನ್ನು ಎತ್ತಿಕೊಂಡು ಹೋಗಿ ಪೂರ್ತಿ ನನ್ನ ಗಾಡಿಯ ಅಚ್ಚಿಗೆ ಸುರಿದೆ. ನನ್ನದೂ ಸದ್ದಿಲ್ಲದೆ ಉರುಳಲಿ ಎಂದು. ಕೀಲೆಣ್ಣೆಯನ್ನು ಮಸಿ ಸೇರಿಸಿ ಗಟ್ಟಿ ಮಾಡಿ ಹಚ್ಚಬೇಕೆಂದು ಗೊತ್ತಿದ್ದವನೇ, ಆತುರಕ್ಕೆ ಹಾಗೇ ಸುರಿದೆ. ಅದೆಲ್ಲ ನೆಲಕ್ಕೆ ಸೋರಿತು, ಉಳಿದದ್ದಕ್ಕೆ ಧೂಳು ಮೆತ್ತಿತು. ಬೆಳಿಗ್ಗೆ ಗಾಡಿ ಮೊದಲಿಗಿಂತ ಜೋರಾಗಿ ಕಿರ್ರೆಂದು ಅರಚಿತು.

ಮಾವ ಸಾಮಾನು ಹೇರಿಸಿದರು. ನಾಗಪ್ಪನ ಗಾಡಿಗೆ ಭತ್ತದ ಮೂಟೆಗಳು, ಒರಳುಕಲ್ಲು, ತಾಮ್ರದ ಹಂಡೆ, ಮನೆಯಿಂದ ಕಿತ್ತ ಹಲಸಿನ ಮರದ ಕಂಬಗಳು, ಅಜ್ಜನ ಕಾಲದ ಕೆತ್ತನೆಯ ಬಾಗಿಲಿನ ದಾರಂದ. ನನ್ನ ಗಾಡಿಗೆ ಚಾಪೆ, ಹಾಸಿಗೆ, ಖಾಲಿ ಮಡಕೆ, ಮೊರ, ಕಸ ಗುಡಿಸುವ ಹಿಡಿಸೂಡಿ ಮತ್ತು ಬುಟ್ಟಿಯಲ್ಲಿ ಆರು ಕೋಳಿ.

"ನಿನ್ನ ಎತ್ತು ಬಡಕಲು. ಅವಕ್ಕೆ ಇಷ್ಟೇ ಸಾಕು" ಎಂದರು ಮಾವ. ಅವರು ಎತ್ತಿನ ಮೇಲಿನ ಕನಿಕರಕ್ಕೆ ಹೇಳಿದ್ದು. ನನಗೆ ಕೇಳಿಸಿದ್ದು ಬೇರೆ. ಒಬ್ಬ ಅಳಿಯನಿಗೆ ಮನೆಯ ದಾರಂದ, ಇನ್ನೊಬ್ಬನಿಗೆ ಹಿಡಿಸೂಡಿ!

ಮಾವ, ಅತ್ತೆ ದನಕರು ಹೊಡೆದುಕೊಂಡು ಕಾಡಿನ ಒಳದಾರಿಯಲ್ಲಿ ಹೊರಟರು. ಹೂವಮ್ಮನಿಗೆ ಆರು ತಿಂಗಳಾಗಿತ್ತು, ಅಷ್ಟು ದೂರ ನಡೆಯುವ ಹಾಗಿರಲಿಲ್ಲ. ನಾನು ನನ್ನ ಗಾಡಿಯಲ್ಲಿ ಹಾಸಿಗೆ ಸುತ್ತಿ, ಚಾಪೆ ಮಡಚಿ, ಅವಳಿಗೆ ಮೆತ್ತಗೆ ಜಾಗ ಮಾಡಿದ್ದೆ. ಅವಳು ಬಂದು ನೋಡಿದಳು. ಆಮೇಲೆ ಟೈರು ಗಾಡಿಯ ಕಡೆ ನೋಡಿದಳು.

"ನಾ ಭಾವನ ಗಾಡೀಲಿ ಬತ್ತೀನಿ" ಅಂದಳು. "ನಿಮ್ಮ ಗಾಡೀಲಿ ಕೂತ್ರೆ ಹೊಟ್ಟೇಲಿರೋದು ಬಾಯಿಗೆ ಬತ್ತದೆ."

ತಪ್ಪೇನೂ ಹೇಳಲಿಲ್ಲ ಅವಳು. ಆದರೆ ಭತ್ತದ ಮೂಟೆಗಳ ಮೇಲೆ ನನ್ನ ಹೆಂಡತಿ ಕುಳಿತು, ನಾಗಪ್ಪ ಎತ್ತಿಗೆ "ಹೈ" ಎಂದಾಗ ನನಗೆ ಆದ ಸಂಕಟವನ್ನು ಈಗಲೂ ಮೈಯಲ್ಲಿ ಅನುಭವಿಸಬಲ್ಲೆ. ಗಾಡಿ ಹೋಗಲಿ, ದಾರಂದ ಹೋಗಲಿ, ಇವಳೂ ಅವನ ಪಾಲಾದಳಲ್ಲ ಎಂದು ಅನಿಸಿತು. ಯಾರಿಗಾದರೂ ಹೇಳಿದರೆ ನಗುವ ಮಾತು. ನನಗೆ ನಗು ಬರಲಿಲ್ಲ.

ಎರಡು ದಿನದ ದಾರಿ. ಸಮತಟ್ಟಾದ ಕಡೆಯೆಲ್ಲ ಟೈರು ಗಾಡಿ ಮುಂದೆ ಮುಂದೆ. ಅಷ್ಟು ಹೇರಿದ್ದರೂ ಅವನ ಎತ್ತುಗಳು ಖಾಲಿ ಬಂದಂತೆ ಬರುತ್ತಿದ್ದವು. ಹಿಡಿಸೂಡಿ, ಕೋಳಿ ಹೊತ್ತ ನನ್ನ ಎತ್ತುಗಳ ಬಾಯಲ್ಲಿ ನೊರೆ. ಎರಡು ಮೈಲಿಗೊಮ್ಮೆ ನಾಗಪ್ಪ ನನಗಾಗಿ ಕಾಯುತ್ತ ಮರದ ಕೆಳಗೆ ನಿಂತಿರುತ್ತಿದ್ದ. ನಾನು ಕಿರ್ರೆನ್ನುತ್ತ ಹತ್ತಿರ ಬರುವಾಗ ಅವನೂ ಹೂವಮ್ಮನೂ ಏನೋ ಹೇಳಿಕೊಂಡು ನಗುತ್ತಿರುತ್ತಿದ್ದರು. ಕಾದದ್ದಕ್ಕೆ ಒಂದು ಸಲವೂ ಗೊಣಗಲಿಲ್ಲ ಪುಣ್ಯಾತ್ಮ. ಗೊಣಗಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಒಂದು ಮಾತ್ರ ನಾನು ಗಮನಿಸಿದ್ದೆ. ಅವನು ನಿಲ್ಲಿಸಬೇಕೆಂದಾಗ ಗಾಡಿ ತಕ್ಷಣ ನಿಲ್ಲುತ್ತಿರಲಿಲ್ಲ. ಎತ್ತು ನಿಂತರೂ ಹಿಂದಿನ ಹೇರು ಅವುಗಳನ್ನು ಇನ್ನೂ ನಾಲ್ಕು ಹೆಜ್ಜೆ ದೂಡಿಕೊಂಡು ಹೋಗುತ್ತಿತ್ತು. ಬ್ರೇಕು ಹಾಕಿಸಿರಲಿಲ್ಲ. "ನಮ್ಮ ಕಡೆ ದಾರಿಗೆ ಎಂತಕ್ಕೆ ಬೇಕು?" ಎಂದು ಅವನೇ ಹೇಳಿದ್ದ.

ಎರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ದೊಡ್ಡ ಇಳಿಜಾರಿನ ತಲೆಗೆ ಬಂದೆವು. ನಾವು ಗಾಡಿಯವರು ಅದನ್ನು ಸೊಪ್ಪಿನ ಇಳುಕಲು ಎನ್ನುತ್ತಿದ್ದೆವು. ಅರ್ಧ ಮೈಲಿ ಇಳಿದು, ಕೊನೆಗೆ ಒಂದು ತಿರುವು. ತಿರುವಿನ ಆಚೆ ಆಳದ ಕೊಳ್ಳ. ಇಲ್ಲಿ ಇಳಿಯುವಾಗ ಪ್ರತಿಯೊಬ್ಬನೂ ಸೊಪ್ಪು ತುಂಬಿದ ಒಂದು ದೊಡ್ಡ ಕೊಂಬೆ ಕಡಿದು ಗಾಡಿಯ ಹಿಂದಕ್ಕೆ ಹಗ್ಗದಲ್ಲಿ ಕಟ್ಟುತ್ತಿದ್ದ. ಕೊಂಬೆ ನೆಲ ತಿಕ್ಕಿಕೊಂಡು ಬರುವಾಗ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ, ಎತ್ತಿನ ಕುತ್ತಿಗೆಗೆ ಭಾರ ಬೀಳುವುದಿಲ್ಲ. ಗಾಡಿಯಲ್ಲಿ ಕೂತವರು ಇಳಿದು ನಡೆಯುವುದೂ ಪದ್ಧತಿ. ನಾನು ಆ ದಾರಿಯಲ್ಲಿ ಹತ್ತಾರು ಸಲ ಹೋಗಿದ್ದೆ. ನಾಗಪ್ಪ ಒಮ್ಮೆಯೂ ಹೋಗಿರಲಿಲ್ಲ.

ಹೂವಮ್ಮ ಪಕ್ಕದ ಒರತೆಯಲ್ಲಿ ಮುಖ ತೊಳೆಯಲು ಹೋಗಿದ್ದಳು. ನಾಗಪ್ಪ ಸುತ್ತಲೂ ಕಡಿದ ಮರಗಳನ್ನು ನೋಡುತ್ತ ಕೇಳಿದ.

"ತಿಮ್ಮಾ, ಇಲ್ಲೆಂತಕ್ಕೆ ಎಲ್ಲಾ ಕೊಂಬೆ ಹೀಗೆ ಕಡ್ದಿದಾರೆ?"

"ಗಾಡಿ ಹಿಂದೆ ಕಟ್ಟಕ್ಕೆ ಭಾವ. ಇಳುಕಲಲ್ಲಿ ತಡೆಯಾಗ್ಲಿ ಅಂತ."

"ಹಂಗಾದ್ರೆ ನಾನೂ ಒಂದು ಕಡೀಲಾ?"

ಆಗ ನನ್ನ ಬಾಯಿಗೆ ಆ ಮಾತು ಎಲ್ಲಿಂದ ಬಂತೋ! ಯೋಚಿಸಿ ಆಡಿದ್ದಲ್ಲ. ಆದರೆ ಬರುವಾಗ ಎಷ್ಟು ಸಲೀಸಾಗಿ ಬಂತೆಂದರೆ, ಒಳಗೆ ಎಂದೋ ತಯಾರಾಗಿ ಕೂತಿತ್ತು ಅನಿಸುತ್ತದೆ.

"ನಿಂಗೆ ಬೇಡ ಭಾವ" ಅಂದೆ. "ಅದು ನಮ್ಮಂಥ ಕಬ್ಬಿಣದ ಪಟ್ಟಿಯೋರಿಗೆ. ಕಬ್ಬಿಣ ಜಾರ್ತದೆ. ನಿಂದು ರಬ್ಬರು, ನೆಲ ಹಿಡ್ಕೊಂಡು ಹೂವಿನ ಹಂಗೆ ಇಳೀತದೆ."

"ಹೌದಾ?" ಅಂದ. ನನ್ನನ್ನು ನಂಬಿದ. ಆ ದಾರಿ ನನ್ನದು, ನಾನು ಬಲ್ಲವನು ಎಂದು ನಂಬಿದ.

ಅವನ ಗಾಡಿ ಉರುಳಲಿ, ಅವನಿಗೆ ಪೆಟ್ಟಾಗಲಿ ಎಂದು ನಾನು ಬಯಸಿದ್ದಿಲ್ಲ. ಎತ್ತು ಸ್ವಲ್ಪ ತಿಣುಕಲಿ, ಇವನಿಗೊಂದಿಷ್ಟು ಬೆವರು ಬರಲಿ, ಆ ನಗು ಒಮ್ಮೆ ನಿಲ್ಲಲಿ. ಇಷ್ಟೇ. ಹೂವಮ್ಮ ನಡೆದೇ ಇಳಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಒರತೆಯಿಂದ ಬಂದವಳು ಸೀದಾ ಟೈರು ಗಾಡಿ ಹತ್ತಿ ಕೂತಳು. ಇಳಿದು ನಡೆಯಬೇಕೆಂದು ಅವಳಿಗೆ ಹೇಳುವವರು ಯಾರು? ನಾನು ಹೇಳಬೇಕಿತ್ತು. ಹೂವಿನ ಹಾಗೆ ಇಳಿಯುವ ಗಾಡಿಯಿಂದ ಅವಳು ಯಾಕೆ ಇಳಿಯಬೇಕೆಂದು ನಾಗಪ್ಪ ಕೇಳಿದರೆ? "ಹೂವೀ" ಎಂದು ಕರೆದೆ. ಅವಳು ತಿರುಗಿದಳು. "ಗಟ್ಟಿಯಾಗಿ ಹಿಡ್ಕೊ" ಅಂದೆ. ಅಷ್ಟು ಹೇಳಿ, ಕತ್ತಿ ತೆಗೆದುಕೊಂಡು ನನ್ನ ಗಾಡಿಗೆ ಕೊಂಬೆ ಕಡಿಯಲು ಹೋದೆ.

ಎರಡನೆಯ ಪೆಟ್ಟು ಹಾಕುವಾಗ ಅವನ ಎತ್ತಿನ ಗೆಜ್ಜೆಯ ಸದ್ದು ಬದಲಾದದ್ದು ಕೇಳಿಸಿತು. ನಡಿಗೆಯ ಗೆಜ್ಜೆ ಹೋಗಿ ಓಟದ ಗೆಜ್ಜೆಯಾಯಿತು. ಆಮೇಲೆ ಹೂವಮ್ಮನ ಕೂಗು.

ಕತ್ತಿ ಹಿಡಿದುಕೊಂಡೇ ಓಡಿದೆ. ನಾಗಪ್ಪ ಎತ್ತುಗಳ ನಡುವಿನ ಮೂಕಿಮರದ ಮೇಲೆ ಕಾಲು ಕೊಟ್ಟು, ಪೂರ್ತಿ ಹಿಂದಕ್ಕೆ ವಾಲಿ, ಮೂಗುದಾರ ಎಳೆಯುತ್ತಿದ್ದ. ಎತ್ತುಗಳು ಹಿಂಗಾಲು ಮಡಚಿ ಗಾಡಿಯನ್ನು ತಡೆಯಲು ನೋಡಿದವು, ಗೊರಸು ಕಲ್ಲಿನ ಮೇಲೆ ಜಾರಿತು. ಅಷ್ಟು ಭಾರ ಹಿಂದೆ. ಅದನ್ನು ಹಿಡಿದು ನಿಲ್ಲಿಸುವಂಥದ್ದು ಆ ಗಾಡಿಯಲ್ಲಿ ಏನೂ ಇಲ್ಲ. ನನ್ನ ಗಾಡಿಯಾಗಿದ್ದರೆ ಅಚ್ಚು ಕಿರ್ರೆನ್ನುತ್ತ, ಪಟ್ಟಿ ಕಲ್ಲು ಕೊರೆಯುತ್ತ ಅರ್ಧ ಭಾರವನ್ನು ತಾನೇ ನುಂಗುತ್ತಿತ್ತು. ಅಂಗಳದಲ್ಲಿ ಒಂದು ಕೈಗೆ ಉರುಳಿದ ಗಾಡಿ ಇಲ್ಲಿ ಯಾವ ಕೈಗೂ ಸಿಗಲಿಲ್ಲ. ತಡೆಯಲಾರದೆ ಎತ್ತುಗಳು ಓಡತೊಡಗಿದವು. ಓಡದಿದ್ದರೆ ಗಾಡಿಯೇ ಅವುಗಳ ಮೇಲೆ ಹತ್ತುತ್ತಿತ್ತು.

ತಿರುವು ಹತ್ತಿರವಾಯಿತು. ಆಗ ನಾಗಪ್ಪ ಗಾಡಿಯಿಂದ ಕೆಳಕ್ಕೆ ಹಾರಿದ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನು ಹಾರಿದ್ದು ಕಂಡಾಗ, ನನ್ನ ಹೆಂಡತಿ ಆ ಗಾಡಿಯಲ್ಲಿ ಕೊಳ್ಳದ ಕಡೆ ಹೋಗುತ್ತಿರುವಾಗ, ಒಂದು ಗಳಿಗೆ ನನಗೆ ಖುಷಿಯಾಯಿತು. ನೋಡಿದಿರಾ ನಿಮ್ಮ ದೊಡ್ಡ ಅಳಿಯನನ್ನು, ತನ್ನ ಜೀವ ಉಳಿಸಿಕೊಂಡ ಎಂದು. ಮನುಷ್ಯನ ಹೊಟ್ಟೆಕಿಚ್ಚು ಅಂಥ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ.

ಅವನು ಹಾರಿದ್ದು ಓಡಿಹೋಗಲು ಅಲ್ಲ. ಎತ್ತಿನ ಪಕ್ಕದಲ್ಲೇ ಓಡಿ, ಬಲಗಡೆ ಎತ್ತಿನ ಕೊಂಬು ಹಿಡಿದು, ಭುಜ ಕೊಟ್ಟು ಎರಡನ್ನೂ ಎಡಕ್ಕೆ ಒತ್ತಿದ. ಎಡಕ್ಕೆ ಗೋಡೆಯಂಥ ಆಳೆತ್ತರದ ಮಣ್ಣಿನ ಧರೆಯಿತ್ತು. ಗಾಡಿಯ ಎಡಚಕ್ರ ಧರೆಗೆ ಉಜ್ಜಿಕೊಂಡಿತು. ಮಣ್ಣು ಕುಸಿದು ಬಿತ್ತು, ದಾರಂದ ಹಾರಿ ರಸ್ತೆಗೆ ಬಿತ್ತು, ಮೂಟೆ ಒಡೆದು ಭತ್ತ ಚೆಲ್ಲಿತು. ಗಾಡಿ ಧರೆ ಕೆರೆದುಕೊಂಡೇ ಒಂದಷ್ಟು ದೂರ ಹೋಗಿ ನಿಂತಿತು. ತಿರುವಿಗೆ ಹತ್ತು ಮಾರು ಉಳಿದಿತ್ತು.

ನಾನು ಮುಟ್ಟುವ ಹೊತ್ತಿಗೆ ಹೂವಮ್ಮ ಚೆಲ್ಲಿದ ಭತ್ತದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಕೈಗೆ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನನ್ನನ್ನು ನೋಡಿ "ಭಾವನ್ನ ನೋಡಿ, ಭಾವನ್ನ ನೋಡಿ" ಎಂದು ಅಳತೊಡಗಿದಳು. ಒಂದು ಎತ್ತಿನ ಕೊಂಬು ಮುರಿದಿತ್ತು. ನಾಗಪ್ಪ ಮುಂದೆ ನೆಲದಲ್ಲಿ ಕೂತಿದ್ದ. ಬಲಗಡೆಯ ಚಕ್ರ ಅವನ ಪಾದದ ಮೇಲೆ ಹರಿದಿತ್ತು.

ಹಿಂದಿನಿಂದ ಬರುತ್ತಿದ್ದ ಇನ್ನೊಬ್ಬ ಗಾಡಿಯವನು ಕೊಂಬೆ ಎಳೆಸಿಕೊಂಡು ನಿಧಾನಕ್ಕೆ ಇಳಿದು ಬಂದ. ಟೈರು ಗಾಡಿ ನೋಡಿ ಹಣೆ ಚಚ್ಚಿಕೊಂಡ. "ಇಂಥ ಗಾಡಿಗೆ, ಇಷ್ಟು ಹೇರಿಗೆ, ಒಂದಲ್ಲ ಮೂರು ಕೊಂಬೆ ಕಟ್ಟಬೇಕು ಮಾರಾಯ! ನಿಂಗೆ ಯಾರೂ ಹೇಳ್ಲಿಲ್ವಾ?"

ನಾಗಪ್ಪ ನನ್ನ ಕಡೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು. ಅರ್ಥವಾಗದವನ ಹಾಗೆ ನೋಡಿದ, ಆಮೇಲೆ ಅರ್ಥವಾಯಿತು. ಅವನಿಗೆ ಅರ್ಥವಾದದ್ದು ನನಗೆ ಕಂಡಿತು. ನಾನು ತಲೆ ತಗ್ಗಿಸಿ ಚೆಲ್ಲಿದ ಭತ್ತ ಬಾಚತೊಡಗಿದೆ.

ಮೇಲೆ ಹೋಗಿ, ಕೊಂಬೆ ಕಟ್ಟಿ, ನನ್ನ ಗಾಡಿ ಇಳಿಸಿ ತಂದೆ. ನಾನೂ ಆ ಗಾಡಿಯವನೂ ಸೇರಿ ನಾಗಪ್ಪನನ್ನು ಎತ್ತಿ, ನಾನು ಹೂವಮ್ಮನಿಗೆ ಸುತ್ತಿಟ್ಟ ಹಾಸಿಗೆಯ ಮೇಲೆ ಮಲಗಿಸಿದೆವು. ನಾಗಪ್ಪನ ಗಾಡಿ, ಎತ್ತುಗಳನ್ನು ಆ ಗಾಡಿಯವನು ನೋಡಿಕೊಂಡ. ತೀರ್ಥಹಳ್ಳಿಯವರೆಗೆ ದಾರಿಯ ಒಂದೊಂದು ಕಲ್ಲಿಗೂ ನನ್ನ ಗಾಡಿ ಎತ್ತಿ ಕುಕ್ಕುತ್ತಿತ್ತು, ಅವನು ಹಲ್ಲು ಕಚ್ಚಿಕೊಂಡಿದ್ದ. ಒಂದೇ ಒಂದು ಸಲ ಮಾತಾಡಿದ. "ನಿನ್ನ ಗಾಡಿ ನಿಲ್ಲಿಸಕ್ಕೆ ಯಾರ ಕಾಲೂ ಬೇಡ, ಅಲ್ವಾ ತಿಮ್ಮಾ?" ಅಂದ. ಅವನು ನಗಲು ನೋಡಿದ್ದೋ ಚುಚ್ಚಲು ನೋಡಿದ್ದೋ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದು, ಕಟ್ಟು ಕಟ್ಟಿ ಕಳಿಸಿದರು. ಜೀವಮಾನವಿಡೀ ಅವನು ಕುಂಟಿಕೊಂಡೇ ನಡೆದ.

ಮರುದಿನ ಮೇಳಿಗೆಯಲ್ಲಿ ಮಾವ ಎಲ್ಲರೆದುರು ಕೂಗಾಡಿದರು. ದಾರಂದ ಸೀಳಿತ್ತು, ಎತ್ತಿನ ಕೊಂಬು ಹೋಗಿತ್ತು. ಅವರ ಸಿಟ್ಟು ಅದಕ್ಕಲ್ಲ. "ಬಸುರಿ ಹುಡುಗೀನ ಕೂರಿಸ್ಕೊಂಡು ಸೊಪ್ಪು ಕಟ್ಟದೆ ಯಾರಾದ್ರೂ ಆ ಇಳುಕಲು ಇಳೀತಾರಾ? ತಿಮ್ಮಪ್ಪ ಜೊತೆಗಿದ್ನಲ್ಲ, ಹೇಳ್ಲಿಲ್ವಾ ಅವ್ನು?"

 ನಾಗಪ್ಪ ಇದ್ದದ್ದನ್ನು ಹೇಳಲಿ, ಮಾವ ನನ್ನನ್ನು ಹೊರಗೆ ಹಾಕಲಿ, ಹೂವಮ್ಮ ನನ್ನ ಮುಖ ನೋಡುವುದು ಬಿಡಲಿ ಎಂದು ಕಂಬ ಹಿಡಿದು ನಿಂತೆ.

ನಾಗಪ್ಪ ಚಾಪೆಯ ಮೇಲಿಂದಲೇ ಹೇಳಿದ. "ಹೇಳಿದ್ದ ಮಾವ. ಎರಡು ಸಲ ಹೇಳಿದ್ದ. ನಾನೇ ಕೇಳ್ಲಿಲ್ಲ. ಟೈರು ಗಾಡಿ ಅಂತ ಜಂಭ."

ಮಾವ ಅವನಿಗೆ ಇನ್ನಷ್ಟು ಬೈದರು. ನನ್ನ ಬೆನ್ನು ತಟ್ಟಿ, "ಚಿಕ್ಕೋನಾದ್ರೂ ಇವ್ನಿಗೆ ಬುದ್ಧಿ ಅದೆ" ಅಂದರು. ಮಾವನ ಮನೆಯಲ್ಲಿ ಯಾವ ಮಾತಿಗಾಗಿ ನಾನು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ ಆ ಮಾತು ಕೊನೆಗೂ ಸಿಕ್ಕಿತು. ಊಟ ಮಾಡಲಾಗದೆ ಎದ್ದು ಹೋಗಿ ಕೊಟ್ಟಿಗೆಯಲ್ಲಿ ಕೂತೆ.

ಬಹಳ ವರ್ಷದ ಮೇಲೆ, ಅವನ ಮಗಳ ಮದುವೆಯಲ್ಲಿ, ಧೈರ್ಯ ಮಾಡಿ ಕೇಳಿದೆ. "ಅವತ್ತು ಯಾಕೆ ಹಂಗೆ ಹೇಳಿದೆ ಭಾವ?" ಅವನು ಎಲೆಗೆ ಸುಣ್ಣ ಹಚ್ಚುತ್ತ, "ನನ್ನ ಕಾಲು ಹೆಂಗೂ ಹೋಗಿತ್ತು ಮಾರಾಯ. ಹೂವಿ ಸಂಸಾರಾನೂ ಯಾಕೆ ಹೋಗ್ಬೇಕು?" ಅಂದ. ಅಷ್ಟೇ. ಎಲೆ ಮಡಚಿ ನನಗೇ ಕೊಟ್ಟ.

ಅವನು ಹೋಗಿ ಒಂಬತ್ತು ವರ್ಷವಾಯಿತು. ನನಗೆ ಎಂಬತ್ತು ದಾಟಿದೆ. ಅವನ ಗಾಡಿಯ ಮೇಲಿನ ಹೊಟ್ಟೆಕಿಚ್ಚು ಅವತ್ತೇ ಆ ಧರೆಯಲ್ಲಿ ತೀರಿತು. ಆದರೆ ಅವನಾಡಿದ ಸುಳ್ಳಿನ ಮೇಲಿನ ಹೊಟ್ಟೆಕಿಚ್ಚು ಇನ್ನೂ ತೀರಿಲ್ಲ. ಎರಡು ದಿನದಲ್ಲಿ ಇಬ್ಬರೂ ಒಂದೊಂದು ಸುಳ್ಳು ಹೇಳಿದೆವು. ನನ್ನದು ಒಬ್ಬನನ್ನು ಬೀಳಿಸಲು, ಅವನದು ನನ್ನನ್ನು ನಿಲ್ಲಿಸಲು. ಅವನ ಹಾಗೆ ಸುಳ್ಳು ಹೇಳುವ ದೊಡ್ಡತನ ನನಗೆ ಯಾಕೆ ಬರಲಿಲ್ಲ ಎಂದು ಈಗಲೂ ಒಳಗೆ ಉರಿಯುತ್ತದೆ.

ಹೂವಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಆ ದಿನದ ಮಾತು ಬಂದಾಗಲೆಲ್ಲ ಅವಳು ಹೇಳುವುದು ಒಂದೇ. "ಭಾವ ಒಳ್ಳೆಯವ್ರು, ಆದ್ರೆ ಜಂಭದೋರು. ಇವ್ರು ಹೇಳಿದ್ದು ಕೇಳಿದ್ರೆ ಕಾಲು ಉಳೀತಿತ್ತು." ಅರವತ್ತು ವರ್ಷ ಅವಳು ಹಾಗೆ ಹೇಳುವುದನ್ನು ಕೇಳಿಸಿಕೊಂಡು ನಾನು ಸುಮ್ಮನೆ ಕೂತಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ. ಇದು ಅಚ್ಚಾಗಿ ಬಂದರೆ ನಮ್ಮ ಮಗಳು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಆ ಹೊತ್ತಿಗೆ ಎದ್ದು ಹೊರಗೆ ಹೋಗದೆ ಅವಳ ಎದುರಿಗೇ ಕೂತಿರಬೇಕೆಂದುಕೊಂಡಿದ್ದೇನೆ.